ಹೊಗೆಯಿಲ್ಲದ ಪರಿಮಳ: ಸಾಂಗ್ ಕಾಲದ ಚೀನೀ ಧೂಪಕಲೆಯನ್ನು ಮನೆಯಲ್ಲಿ ಮಾಡಿ ನೋಡಲು ಸಮಗ್ರ ಮಾರ್ಗದರ್ಶಿ

ಸಾಂಗ್ ರಾಜವಂಶದ ಕಾಲದ (960–1279) ಕವಿ ಯಾಂಗ್ ವಾನ್‌ಲಿ ಧೂಪ ಹಾಕುವುದನ್ನು ಕುರಿತೇ ಒಂದು ಪದ್ಯ ಬರೆದಿದ್ದಾನೆ. ನೀರಿಗಿಂತ ಹಸಿರಾದ ಪಿಂಗಾಣಿಯ ಪಾತ್ರೆ, ಕಾಗದದಷ್ಟು ಹಗುರವಾದ ಬೆಳ್ಳಿಯ ತಗಡು, ಹೆಚ್ಚೂ ಅಲ್ಲದೆ ಕಡಿಮೆಯೂ ಆಗದೆ ಒಂದೇ ಹದದಲ್ಲಿರುವ ಕೆಂಡ, ಗಾಳಿಯಾಡದಂತೆ ಇಳಿಬಿಟ್ಟ ತೆರೆ, ಇಷ್ಟನ್ನು ಅಣಿಮಾಡಿಕೊಂಡ ಮೇಲೆ ಅವನು ಬಯಸುವುದು ಒಂದನ್ನೇ: ಪರಿಮಳ ಇರಬೇಕು, ಹೊಗೆ ಕಾಣಬಾರದು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಬಯಕೆಯನ್ನು ಈಡೇರಿಸುವುದಕ್ಕಾಗಿಯೇ ಇವೆ. ಸುಡುವುದು ಸುಲಭ, ಸುಡದೆ ಕಾಯಿಸುವುದು ಕಷ್ಟ, ಮತ್ತು ಸಾಂಗ್ ಕಾಲದವರ ಧೂಪಕಲೆಯ ಬಹುಪಾಲು ಈ ಕಷ್ಟದಲ್ಲೇ ಅಡಗಿದೆ.

ಚೀನಾದಲ್ಲಿ ಮೊದಲಿನಿಂದಲೂ ಹೀಗಿರಲಿಲ್ಲ. ಹಾನ್ ಕಾಲದವರಿಗೆ ಹೊಗೆ ಬೇಕೇ ಬೇಕಿತ್ತು. ಕ್ರಿ.ಪೂ. 113ರಲ್ಲಿ ತೀರಿಕೊಂಡ ರಾಜಕುಮಾರ ಲಿಯು ಶೆಂಗ್‌ನ ಸಮಾಧಿಯನ್ನು 1968ರಲ್ಲಿ ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ ತೆರೆದಾಗ, ಚಿನ್ನದ ಕುಸುರಿ ಕೂಡಿಸಿದ ಕಂಚಿನ ಧೂಪಪಾತ್ರೆಯೊಂದು ಸಿಕ್ಕಿತು. ಅದರ ಮುಚ್ಚಳವೇ ಒಂದು ಪರ್ವತ. ಶಿಖರಗಳ ನಡುವಿನ ಸಂದಿಗಳಿಂದ ಹೊಗೆ ಹೊರಟು, ಸಿದ್ಧಪುರುಷರು ವಾಸಿಸುವ ಬೆಟ್ಟವನ್ನು ಮೋಡ ಸುತ್ತಿದಂತೆ ಕಾಣಬೇಕೆಂಬುದು ಶಿಲ್ಪಿಯ ಉದ್ದೇಶ. ಇಂಥವನ್ನು ಬೋಶಾನ್ ಪಾತ್ರೆಗಳೆಂದು ಕರೆಯುತ್ತಾರೆ. ಅದಕ್ಕೂ ಹಿಂದಿನವರು ಸುಡುತ್ತಿದ್ದುದು ಹೆಚ್ಚಾಗಿ ಪರಿಮಳದ ಹುಲ್ಲು ಮತ್ತು ಬೇರುಗಳನ್ನು. 1972ರಲ್ಲಿ ಉತ್ಖನನಗೊಂಡ ಚಾಂಗ್‌ಶಾದ ಮವಾಂಗ್‌ದುಯಿ ಸಮಾಧಿಯಲ್ಲಿ ಮೂಲಿಕೆ ತುಂಬಿದ ಧೂಪಪಾತ್ರೆ, ಪರಿಮಳದ ಚೀಲ, ಸುಗಂಧದೆಲೆ ತುಂಬಿದ ದಿಂಬು ಎಲ್ಲವೂ ದೊರೆತಿವೆ. ಹುಲ್ಲು ಉರಿಯದೆ ವಾಸನೆ ಕೊಡದು, ಉರಿದರೆ ಹೊಗೆಯಾಗದೆ ಇರದು. ಹಾನ್ ಸಾಮ್ರಾಜ್ಯ ದಕ್ಷಿಣಕ್ಕೆ ಹರಡಿ, ಅಗರು, ಲವಂಗ, ಕರ್ಪೂರದಂತಹ ಎಣ್ಣೆ ಅಥವಾ ರಾಳ ತುಂಬಿದ ವಸ್ತುಗಳು ಬರತೊಡಗಿದ ಮೇಲೆ ಬೆಂಕಿಯ ಲೆಕ್ಕಾಚಾರವೇ ಬದಲಾಯಿತು, ಏಕೆಂದರೆ ಇವು ಮಂದವಾದ ಶಾಖಕ್ಕೆ ತಮ್ಮ ಒಳ್ಳೆಯ ಗುಣವನ್ನು ಬಿಟ್ಟುಕೊಡುತ್ತವೆ ಮತ್ತು ಉರಿಗೆ ಸಿಕ್ಕಿದರೆ ಕಮಟಾಗುತ್ತವೆ.

ಸಾಂಗ್ ಕಾಲಕ್ಕೆ ಬರುವ ಹೊತ್ತಿಗೆ ಧೂಪ ಹಾಕುವುದು, ಚಹಾ ಕಡೆಯುವುದು, ಚಿತ್ರ ತೂಗುಹಾಕುವುದು, ಹೂ ಜೋಡಿಸುವುದು ಈ ನಾಲ್ಕೂ ವಿರಾಮದ ವಿದ್ಯೆಗಳೆಂದು ಹೆಸರಾಗಿದ್ದವು. ಚಕ್ರವರ್ತಿ ಹುಯ್‌ಜೊಂಗ್‌ನ ಹೆಸರಿನಲ್ಲಿರುವ, ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ತಂತಿವಾದ್ಯ ವಾದನದ ಚಿತ್ರದಲ್ಲಿ ವಾದಕನ ಪಕ್ಕದಲ್ಲೇ ಎತ್ತರದ ಸಣಕಲು ಪೀಠದ ಮೇಲೆ ಧೂಪಪಾತ್ರೆ ನಿಂತಿದೆ. ಆ ಕಾಲದ ಹಡಗುಗಳು ಏನನ್ನು ಹೊತ್ತು ತರುತ್ತಿದ್ದವು ಎಂಬುದಕ್ಕೆ 1974ರಲ್ಲಿ ಛ್ವಾನ್‌ಝೌ ಬಂದರಿನ ಕೆಸರಿನಿಂದ ಮೇಲೆತ್ತಿದ ಹಡಗೇ ಸಾಕ್ಷಿ. ಅದರ ಒಡಲಲ್ಲಿ ಶ್ರೀಗಂಧ, ಅಗರು ಮೊದಲಾದ ಸುಗಂಧದ ಮರಗಳೇ ಎರಡು ಸಾವಿರ ಕಿಲೋಗೂ ಮಿಕ್ಕಿ ಇದ್ದವು, ಜೊತೆಗೆ ಕರಿಮೆಣಸು, ಸುಗಂಧದ ಅಂಟುಗಳು ಮತ್ತು ತಿಮಿಂಗಿಲದಿಂದ ಬರುವ ಅಂಬರವೆಂಬ ಸುಗಂಧದ್ರವ್ಯ.

ಇಂದು ಚೀನಾದಲ್ಲಿ ಹಳೆಯ ಉಡುಪು ತೊಟ್ಟು, ಮೆಲುಸಂಗೀತ ಹಾಕಿ ನಡೆಸುವ ಧೂಪ ಪ್ರದರ್ಶನಗಳು ಬಹುಮಟ್ಟಿಗೆ ಈಚಿನ ಪುನಾರಚನೆಗಳು. ಅಲ್ಲಿನ ಕೈಸನ್ನೆಗಳಲ್ಲಿ ಹಲವು ಜಪಾನಿನ ಧೂಪ ಸಂಪ್ರದಾಯದಿಂದ ಬಂದವು. ಅವುಗಳ ಮೇಲೆ ನನಗೆ ದ್ವೇಷವಿಲ್ಲ, ಆದರೆ ಕಲಿಯುವವನಿಗೆ ಹಾಂಗ್ ಚು, ಚೆನ್ ಜಿಂಗ್ ಮೊದಲಾದವರು ಸಂಕಲಿಸಿದ ಧೂಪಗ್ರಂಥಗಳಲ್ಲಿನ ನೇರವಾದ, ಅಡುಗೆಪುಸ್ತಕದಂತಹ ಸೂಚನೆಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕೆಳಗಿನ ಹಂತಗಳನ್ನು ಆ ಸೂಚನೆಗಳ ಆಧಾರದಿಂದಲೇ ಬರೆಯಲಾಗಿದೆ.

ಬೇಕಾಗುವ ವಸ್ತುಗಳು

ಮೊದಲನೆಯದು ಅಗರು. ಅಕ್ವಿಲೇರಿಯಾ ಜಾತಿಯ ಮರಕ್ಕೆ ಗಾಯವಾಗಿ, ಶಿಲೀಂಧ್ರ ಸೇರಿ, ಮರವು ತನ್ನನ್ನು ಕಾಪಾಡಿಕೊಳ್ಳಲು ಸ್ರವಿಸಿದ ರಾಳ ತಿರುಳಿನಲ್ಲಿ ತುಂಬಿಕೊಂಡಾಗ ಅದು ಅಗರಾಗುತ್ತದೆ. ಗಾಯವಾಗದ ಮರದ ತಿರುಳು ಬಿಳಿಯಾಗಿ, ವಾಸನೆಯಿಲ್ಲದೆ ಇರುತ್ತದೆ. ಚೀನೀಯರು ಹಿಂದೆ ನೀರಿನಲ್ಲಿ ಮುಳುಗುವುದನ್ನು ಉತ್ತಮವೆಂದೂ, ಅರೆ ಮುಳುಗುವುದನ್ನು ಮಧ್ಯಮವೆಂದೂ, ತೇಲುವುದನ್ನು ಸಾಮಾನ್ಯವೆಂದೂ ವಿಂಗಡಿಸುತ್ತಿದ್ದರು. ಹಾಯ್ನಾನ್ ದ್ವೀಪದ ಅಗರಿಗೆ ಅವರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಅದೇ ದ್ವೀಪಕ್ಕೆ 1097ರಲ್ಲಿ ಗಡೀಪಾರಾದ ಕವಿ ಸು ಶಿ, ತನ್ನ ತಮ್ಮ ಸು ಝೆಯ ಹುಟ್ಟುಹಬ್ಬಕ್ಕೆ ಬೆಟ್ಟದ ಆಕಾರದ ಅಗರಿನ ತುಂಡೊಂದನ್ನು ಕಳುಹಿಸಿ, ಅದರ ಮೇಲೆ ಒಂದು ಪ್ರಬಂಧಕಾವ್ಯವನ್ನೇ ಬರೆದ. ನಮಗೆ ಆ ದರ್ಜೆ ಬೇಕಿಲ್ಲ. ಅಸ್ಸಾಮಿನ ಅಗರು ಹಿಂದಿನಿಂದಲೂ ಪ್ರಸಿದ್ಧ, ಈಗ ಮಲೆನಾಡಿನ ತೋಟಗಳಲ್ಲೂ ಅಗರಿನ ಗಿಡಗಳನ್ನು ಬೆಳೆಸುತ್ತಿದ್ದಾರೆ. ಪುಡಿಯನ್ನಲ್ಲ, ಚಕ್ಕೆಯನ್ನೇ ಕೊಳ್ಳಿರಿ, ಏಕೆಂದರೆ ಪುಡಿಯಲ್ಲಿ ಬಣ್ಣದ ಮರದ ಹೊಟ್ಟನ್ನೂ ಕೃತಕ ಎಣ್ಣೆಯನ್ನೂ ಬೆರೆಸುವುದು ಬಹಳ ಸುಲಭ. ಕಾಡಿನ ಅಗರಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವುದರಿಂದ ರಸೀದಿ ಪಡೆಯಿರಿ, ಮತ್ತು ಪರವಾನಗಿಯಿಲ್ಲದೆ ದೇಶದ ಗಡಿ ದಾಟಿಸಬೇಡಿ.

ಎರಡನೆಯದು ಶ್ರೀಗಂಧ. ಇದರಲ್ಲಿ ಕನ್ನಡಿಗರು ಅದೃಷ್ಟವಂತರು. ಚೀನಾದ ಧೂಪದ ವ್ಯಾಪಾರಿಗಳು ಮೈಸೂರು ಸೀಮೆಯ ಗಂಧವನ್ನು ಲಾವ್‌ಶಾನ್ ಎಂಬ ಹೆಸರಿನಿಂದ ಕರೆದು, ಆಸ್ಟ್ರೇಲಿಯಾದ ಗಂಧಕ್ಕಿಂತ ಮೇಲಿನ ದರ್ಜೆಯಲ್ಲಿ ಇಡುತ್ತಾರೆ. ಸರ್ಕಾರಿ ಮಳಿಗೆಯಲ್ಲಿ ಸಿಗುವ ಸಣ್ಣ ತುಂಡು ಅಥವಾ ಚೂರು ಸಾಕು.

ಮೂರನೆಯದು ಮರಸೇಬು, ಅಂದರೆ ಪೇರ್ ಹಣ್ಣು. ಗಟ್ಟಿಯಾಗಿ, ರಸಭರಿತವಾಗಿ, ಮೂಗಿಗೆ ಹಿಡಿದರೆ ವಾಸನೆ ಬರುವಂತಹದ್ದನ್ನು ಆರಿಸಿರಿ. ಇವುಗಳ ಜೊತೆಗೆ ನುಣುಪಾದ ಬಿಳಿ ಬೂದಿ, ಹೊಗೆಯಿಲ್ಲದ ಇದ್ದಿಲು, ಕಾಗೆಬಂಗಾರದ ತೆಳುವಾದ ಬಿಲ್ಲೆ, ಅಗಲ ಬಾಯಿಯ ಪಿಂಗಾಣಿ ಬಟ್ಟಲು, ಲೋಹದ ಒಂದು ಜೊತೆ ಕಡ್ಡಿಗಳು ಮತ್ತು ಸಣ್ಣ ಚಮಚ ಬೇಕು. ಮಿಂಗ್ ಮತ್ತು ಛಿಂಗ್ ಕಾಲದ ಚಿತ್ರಗಳಲ್ಲಿ ವಿದ್ವಾಂಸನ ಮೇಜಿನ ಮೇಲೆ ಧೂಪಪಾತ್ರೆ, ಈ ಕಡ್ಡಿ ಚಮಚಗಳನ್ನು ನಿಲ್ಲಿಸುವ ಹೂದಾನಿ ಮತ್ತು ಧೂಪದ ಭರಣಿ ಮೂರೂ ಒಂದು ಜೋಡಿಯಾಗಿ ಕಾಣುತ್ತವೆ. ನೀವು ಅಷ್ಟೆಲ್ಲ ಖರ್ಚು ಮಾಡಬೇಕಿಲ್ಲ. ಮುಖ್ಯವಾಗಿ ಬಟ್ಟಲು ದಪ್ಪ ಗೋಡೆಯದಾಗಿರಲಿ, ಆಳ ಆರೇಳು ಸೆಂಟಿಮೀಟರ್ ಇರಲಿ.

ಮೊದಲ ಹಂತ: ಗಂಧದ ಹಸಿತನ ಕಳೆಯುವುದು

ನಾವು ಗಂಧವನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯುತ್ತೇವೆ, ಅದರ ಹಸಿ ವಾಸನೆಯನ್ನೇ ಇಷ್ಟಪಡುತ್ತೇವೆ. ಸಾಂಗ್ ಕಾಲದ ಧೂಪಗಾರರಿಗೆ ಅದೇ ವಾಸನೆ ಒರಟೆನಿಸಿತು. ಅಗರಿನ ಜೊತೆ ಬೆರೆಸಿದಾಗ ಹಸಿ ಗಂಧ ಉಳಿದೆಲ್ಲವನ್ನೂ ಅದುಮಿಬಿಡುತ್ತದೆ ಎಂಬುದು ಅನುಭವಕ್ಕೂ ಬರುವ ಮಾತು. ಆದ್ದರಿಂದ ಅವರು ಗಂಧವನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಕತ್ತರಿಸಿ, ಮಂದ ಉರಿಯಲ್ಲಿ ಹುರಿಯುತ್ತಿದ್ದರು. ಇನ್ನೊಂದು ವಿಧಾನದಲ್ಲಿ ತೆಳುವಾದ ಚೂರುಗಳನ್ನು ಚಹಾದ ತಿಳಿಯಲ್ಲಿ ಒಂದು ರಾತ್ರಿ ನೆನೆಸಿ, ಒಣಗಿಸಿ, ಆಮೇಲೆ ಜೇನು ಮತ್ತು ಮದ್ಯದಲ್ಲಿ ಮತ್ತೊಂದು ರಾತ್ರಿ ನೆನೆಸಿ, ಸಣ್ಣ ಉರಿಯಲ್ಲಿ ಬಾಡಿಸುತ್ತಿದ್ದರು.

ಮನೆಗೆ ಚಹಾದ ವಿಧಾನ ಒಳ್ಳೆಯದು. ಹಾಲು ಸಕ್ಕರೆಯಿಲ್ಲದ ತೆಳು ಹಸಿರು ಚಹಾ ಮಾಡಿ, ತಣಿಸಿ, ಐದು ಗ್ರಾಂ ಗಂಧದ ಚೂರನ್ನು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಬಸಿದು, ನೆರಳಲ್ಲಿ ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಅತಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿಯಿರಿ. ಚೂರುಗಳ ಬಣ್ಣ ಒಂದು ಛಾಯೆ ಕಪ್ಪಾಗಿ, ಹಸಿ ಮರದ ವಾಸನೆ ಹೋಗಿ, ಹಾಲು ಕೆನೆಗಟ್ಟಿದಂತಹ ಮೃದು ವಾಸನೆ ಬಂದಾಗ ಇಳಿಸಬೇಕು. ಹೊಗೆ ದಟ್ಟವಾಗುವವರೆಗೆ ಕಾದರೆ ಗಂಧ ಹಾಳಾಯಿತೆಂದೇ ಲೆಕ್ಕ. ಬಾಣಲೆಗೆ ಒಗ್ಗರಣೆಯ ವಾಸನೆ ಸ್ವಲ್ಪವೂ ಇರಬಾರದು, ಗಂಧ ಅದನ್ನು ತಕ್ಷಣ ಹೀರಿಕೊಳ್ಳುತ್ತದೆ.

ಎರಡನೆಯ ಹಂತ: ಕುಟ್ಟುವುದು

ಚೆನ್ ಜಿಂಗ್‌ನ ಗ್ರಂಥದಲ್ಲಿ ಕುಟ್ಟುವುದರ ಬಗ್ಗೆ ಒಂದು ಸೊಗಸಾದ ಸೂಚನೆಯಿದೆ. ಜರಡಿ ಬೇಡ, ಕಣ್ಣಳತೆಯಿಂದಲೇ ಸಮವಾಗಿ ಕುಟ್ಟು, ತೀರ ನುಣ್ಣಗಾದರೆ ಪರಿಮಳ ಬಹುಕಾಲ ಉಳಿಯದು, ತೀರ ತರಿಯಾದರೆ ವಾಸನೆಗಳು ಒಂದಕ್ಕೊಂದು ಹೊಂದಿಕೊಳ್ಳವು ಎಂದು ಅಲ್ಲಿ ಹೇಳಿದೆ. ಕರ್ಪೂರ ಮತ್ತು ಕಸ್ತೂರಿಯನ್ನು ಮಾತ್ರ ಬೇರೆ ಪಾತ್ರೆಯಲ್ಲಿ ಅರೆಯಬೇಕು. ಮಿಕ್ಸಿ ಬಳಸಬೇಡಿ ಎಂದು ನಾನು ಹೇಳುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಅದರ ಬ್ಲೇಡು ಬೇಗ ಬಿಸಿಯಾಗುತ್ತದೆ, ಆ ಬಿಸಿಗೆ ಅಗರಿನ ಮೇಲುಸ್ತರದ ತಂಪು ವಾಸನೆ ಮೊದಲು ಹಾರಿಹೋಗುತ್ತದೆ. ಹಿತ್ತಾಳೆ ಅಥವಾ ಕಲ್ಲಿನ ಕುಟ್ಟಾಣಿಯೇ ಸರಿ. ಸಣ್ಣ ರವೆಯ ಹದ ಬಂದರೆ ನಿಲ್ಲಿಸಿ.

ಮೂರನೆಯ ಹಂತ: ಮರಸೇಬಿನಲ್ಲಿ ಬೇಯಿಸುವುದು

ದಕ್ಷಿಣ ತಾಂಗ್ ರಾಜ್ಯದ ಕೊನೆಯ ಅರಸ ಲಿ ಯು (937–978) ಕವಿಯಾಗಿ ದೊಡ್ಡವನು, ಅರಸನಾಗಿ ಸೋತವನು. ಅವನ ಹೆಸರಿನಲ್ಲಿ ಪರದೆಯೊಳಗಿನ ಧೂಪ ಎಂಬ ಹಲವು ಪಾಕಗಳು ಬಂದಿವೆ. ಹಾಸಿಗೆಯ ಸುತ್ತಲಿನ ಪರದೆಯ ಒಳಗೆ ಇಡುವಂತಹುದಾದ್ದರಿಂದ ಅದು ಮೂಗಿಗೆ ಚುಚ್ಚಬಾರದು, ಕಣ್ಣು ಉರಿಸಬಾರದು. ಅವುಗಳಲ್ಲಿ ಹಂಸಮರಸೇಬನ್ನು ಬಳಸುವ ಪಾಕ ನಮಗೆ ಕೈಗೆಟುಕುವಂಥದ್ದು: ಅಗರಿನ ಪುಡಿ ಒಂದು ಲಿಯಾಂಗ್, ಗಂಧದ ಪುಡಿ ಒಂದು ಛಿಯೆನ್, ಹಣ್ಣು ಹತ್ತು. ಸಾಂಗ್ ಕಾಲದ ಲಿಯಾಂಗ್ ಸುಮಾರು 40 ಗ್ರಾಂ, ಛಿಯೆನ್ ಅದರ ಹತ್ತನೆಯ ಒಂದು ಭಾಗ. ಅಂದರೆ ಅಗರಿಗೆ ಗಂಧ ಹತ್ತರಲ್ಲಿ ಒಂದು ಪಾಲು ಮಾತ್ರ. ಮೊದಲ ಸಲಕ್ಕೆ 10 ಗ್ರಾಂ ಅಗರು, 1 ಗ್ರಾಂ ಹುರಿದ ಗಂಧ, ಎರಡು ಹಣ್ಣು ತೆಗೆದುಕೊಳ್ಳಿ. ನಮ್ಮ ಕೈಗೆ ಗಂಧ ಧಾರಾಳವಾಗಿ ಸಿಗುತ್ತದೆಂದು ಅದನ್ನು ಹೆಚ್ಚಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಹಣ್ಣಿನ ಮೇಲ್ಭಾಗವನ್ನು ತೊಟ್ಟಿನ ಸಮೇತ ಮುಚ್ಚಳದಂತೆ ಕೊಯ್ದು ಪಕ್ಕಕ್ಕಿಡಿ. ಚಮಚದಿಂದ ಬೀಜ ಮತ್ತು ನಾರಿನ ಗೂಡನ್ನು ತೆಗೆದು, ಗೋಡೆ ಒಂದು ಬೆರಳಿನಷ್ಟು ದಪ್ಪ ಉಳಿಯುವಂತೆ ಗುಡಾಣದ ಆಕಾರಕ್ಕೆ ಕೊರೆಯಿರಿ. ತಳ ತೂತಾಗದಂತೆ ಎಚ್ಚರವಿರಲಿ. ಎರಡೂ ಪುಡಿಗಳನ್ನು ಬೆರೆಸಿ ಒಳಗೆ ತುಂಬಿ, ಮುಚ್ಚಳವಿಟ್ಟು, ಎರಡು ಮೂರು ಕಡೆ ಬಿದಿರಿನ ಕಡ್ಡಿ ಚುಚ್ಚಿ ಭದ್ರಪಡಿಸಿ. ಇದನ್ನು ಬಟ್ಟಲಲ್ಲಿಟ್ಟು ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಬೇಕು. ಮೂಲದಲ್ಲಿ ಮೂರು ಸಲ ಹಬೆಯಾಡಿಸಬೇಕೆಂದಿದೆ. ಒಮ್ಮೆ ಅರ್ಧ ಗಂಟೆ ಬೇಯಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಬೇಯಿಸಿ. ತಣಿಯುವಾಗ ಹಣ್ಣಿನ ರಸ ಪುಡಿಯೊಳಕ್ಕೆ ಇಳಿಯುತ್ತದೆ, ಹಾಗಾಗಿ ಮೂರನ್ನೂ ಒಂದೇ ಉದ್ದನೆಯ ಬೇಯುವಿಕೆಯಾಗಿ ಮಾಡಿದರೆ ಫಲ ಒಂದೇ ಆಗದು. ಎರಡನೆಯ ಸಲಕ್ಕೆ ಹಣ್ಣಿನ ತಿರುಳು ಅರೆಪಾರದರ್ಶಕವಾಗಿ, ಪುಡಿ ತಾಗಿದ ಒಳಗೋಡೆ ಜೇನುಗಪ್ಪು ಬಣ್ಣಕ್ಕೆ ತಿರುಗುತ್ತದೆ. ಬಟ್ಟಲಲ್ಲಿ ಒಸರಿದ ರಸವನ್ನು ಚೆಲ್ಲದೆ ಹಣ್ಣಿನೊಳಕ್ಕೇ ಮರಳಿ ಸುರಿಯಿರಿ.

ಮೂರನೆಯ ಬೇಯುವಿಕೆ ಮುಗಿದ ಮೇಲೆ ಸಿಪ್ಪೆ ತೆಗೆದು, ತಿರುಳನ್ನೂ ಪುಡಿಯನ್ನೂ ಕೂಡಿಸಿ ಒರಳಿನಲ್ಲಿ ಒಂದೇ ಹದಕ್ಕೆ ಅರೆಯಿರಿ. ಈಗಿನ ಹಣ್ಣುಗಳು ದೊಡ್ಡವು, ನೀರಿನ ಅಂಶವೂ ಹೆಚ್ಚು, ಆದ್ದರಿಂದ ಸಿಕ್ಕಿದ್ದು ಚಟ್ನಿಯಂತೆ ತೆಳ್ಳಗಿರುತ್ತದೆ. ಪಿಂಗಾಣಿ ತಟ್ಟೆಯಲ್ಲಿ ಹರಡಿ, ತೆಳುಬಟ್ಟೆ ಮುಚ್ಚಿ, ನೆರಳಿನಲ್ಲಿ ಗಾಳಿಗಿಡಿ. ಉಂಡೆ ಕಟ್ಟಿದರೆ ಬಿರಿಯದೆ, ಬೆರಳಿಗೆ ಮೆತ್ತದೆ ನಿಂತಾಗ ಸಣ್ಣ ಬಟಾಣಿ ಗಾತ್ರದ ಗುಳಿಗೆಗಳನ್ನು ಮಾಡಿ, ಸ್ವಲ್ಪ ಚಪ್ಪಟೆ ಮಾಡಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಈ ಕೆಲಸಕ್ಕೆ ಕೈಹಾಕಬೇಡಿ. ಹಣ್ಣಿನ ಸಕ್ಕರೆಗೆ ಬೂಸ್ಟು ಹಿಡಿಯಲು ಎರಡು ದಿನ ಸಾಕು.

ಹಣ್ಣಿನ ಬದಲು ಜೇನಿನಲ್ಲಿ ಕಲಸುವ ಪಾಕಗಳು ಇನ್ನೂ ಹೆಚ್ಚು. ಕವಿ ಮತ್ತು ಲಿಪಿಕಾರ ಹುವಾಂಗ್ ಟಿಂಗ್‌ಜಿಯಾನ್ (1045–1105) ತನ್ನ ಕೈಬರಹದಲ್ಲಿ ಬರೆದುಕೊಟ್ಟ ಒಂದು ಪಾಕ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಅಗರು ಮೂರು ಲಿಯಾಂಗ್, ಲವಂಗ ನಾಲ್ಕು ಛಿಯೆನ್, ಕರ್ಪೂರ ಏಳು ಛಿಯೆನ್, ಕಸ್ತೂರಿ ಮೂರು ಛಿಯೆನ್, ಶುದ್ಧಿಮಾಡಿದ ಶಂಖದ ಮುಚ್ಚಳ ಒಂದು ಛಿಯೆನ್, ಹರಳುಪ್ಪಿನಂತಹ ಒಂದು ಕ್ಷಾರ ಅರ್ಧ ಲಿಯಾಂಗ್, ಕಾಯಿಸಿದ ಜೇನು ಆರು ಲಿಯಾಂಗ್, ಒಂದು ತಿಂಗಳು ಮುಚ್ಚಿಟ್ಟು ಮಖಾನ ಬೀಜದ ಗಾತ್ರಕ್ಕೆ ಗುಳಿಗೆ ಕಟ್ಟುವುದು. ಕೊನೆಗೆ ಅವನು, ನೆನಪಿರುವುದು ಹೆಚ್ಚುಕಡಿಮೆ ಇಷ್ಟು, ಪುಸ್ತಕ ಸಿಕ್ಕಿದಾಗ ವ್ಯತ್ಯಾಸ ಕಂಡರೆ ಬೇರೆ ಬರೆದು ಕಳುಹಿಸುತ್ತೇನೆ ಎಂದು ಸೇರಿಸಿದ್ದಾನೆ. ಲಿಪಿಕಲೆಯ ಅಮೂಲ್ಯ ಕೃತಿಯೆಂದು ಇಂದು ಕಾಪಾಡುತ್ತಿರುವುದು, ಗೆಳೆಯರ ನಡುವೆ ಓಡಾಡಿದ ಅಡುಗೆಚೀಟಿಯಂತಹ ಒಂದು ಕಾಗದವನ್ನು. ಇದನ್ನು ಮಾಡಿ ನೋಡುವವರು ಕಸ್ತೂರಿಯನ್ನು ಬಿಡಲೇಬೇಕು. ಕಸ್ತೂರಿಮೃಗ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಅಂಗಡಿಯಲ್ಲಿ ಅಸಲಿ ಎಂದು ಕೊಡುವುದು ಅಪರಾಧದ ಮಾಲು ಅಥವಾ ಮೋಸದ ಮಾಲು. ಕ್ಷಾರವೂ ಬೇಡ. ಕರ್ಪೂರವೆಂದರೆ ಆರತಿಯ ಬಿಲ್ಲೆಯಲ್ಲ, ಬೋರ್ನಿಯೊ ಮತ್ತು ಸುಮಾತ್ರದ ಮರದಿಂದ ಬರುವ, ನಮ್ಮಲ್ಲಿ ಭೀಮಸೇನಿ ಎಂದು ಹೆಸರಾದದ್ದು. ಶಂಖದ ಮುಚ್ಚಳ ನಮ್ಮ ಆಯುರ್ವೇದದ ಅಂಗಡಿಗಳಲ್ಲಿ ನಖ ಎಂಬ ಹೆಸರಿನಲ್ಲಿ ಸಿಗುತ್ತದೆ. ಜೇನನ್ನು ನೇರ ಉರಿಯಲ್ಲಿ ಕಾಯಿಸದೆ, ಭರಣಿಯಲ್ಲಿ ಹಾಕಿ, ಭರಣಿಯನ್ನು ಕುದಿನೀರಿನಲ್ಲಿ ನಿಲ್ಲಿಸಿ, ನೀರಿನ ಪಸೆ ಆರುವವರೆಗೆ ಕಾಯಿಸಬೇಕು. ಅತಿಯಾಗಿ ಗಟ್ಟಿಯಾದ ಜೇನು ಪುಡಿಯೊಂದಿಗೆ ಸಮವಾಗಿ ಬೆರೆಯದು.

ನಾಲ್ಕನೆಯ ಹಂತ: ಮುಚ್ಚಿಟ್ಟು ಕಾಯುವುದು

ಹೊಸದಾಗಿ ಕಲಸಿದ ಧೂಪವನ್ನು ಕೂಡಲೇ ಬಳಸಿದರೆ ಒಂದೊಂದು ವಸ್ತುವೂ ಬೇರೆ ಬೇರೆಯಾಗಿ ಮೂಗಿಗೆ ಬರುತ್ತದೆ. ಒದ್ದೆಯದು ಬೇಗ ಹೊಂದುತ್ತದೆ, ಒಣಗಿದ್ದು ತಡವಾಗಿ ಹೊಂದುತ್ತದೆ, ಹಗುರವಾದದ್ದು ಬೇಗ ಮುಗಿಯುತ್ತದೆ, ಭಾರವಾದದ್ದು ನಿಧಾನವಾಗಿ ಕರಗುತ್ತದೆ, ಇವೆಲ್ಲವನ್ನೂ ಒಂದು ಮಾಡಲು ನೆಲದಲ್ಲಿ ಹೂಳಬೇಕು ಎನ್ನುತ್ತವೆ ಹಳೆಯ ಗ್ರಂಥಗಳು. ಪಸೆ ಹೀರದ ಪಿಂಗಾಣಿ ಭರಣಿ, ಬಾಯಿಗೆ ಮೇಣದ ಕಾಗದ, ನಿಶ್ಶಬ್ದವಾದ ಕೋಣೆಯ ನೆಲದಲ್ಲಿ ಮೂರರಿಂದ ಐದು ಅಂಗುಲದ ಗುಂಡಿ, ಒಂದು ತಿಂಗಳಿಗೂ ಮಿಕ್ಕಿದ ಅವಧಿ. ಅಪಾರ್ಟ್‌ಮೆಂಟಿನಲ್ಲಿರುವವರು ಭರಣಿಯನ್ನು ದೊಡ್ಡ ಮಣ್ಣಿನ ಮಡಕೆಯೊಳಗೆ ಮರಳು ತುಂಬಿ ಹೂತು, ಬೆಳಕು ಬೀಳದ ಮೂಲೆಯಲ್ಲಿಡಬಹುದು. ವಾರಕ್ಕೊಮ್ಮೆ ತೆರೆದು ಬೂಸ್ಟಿನ ಚುಕ್ಕೆ ಇದೆಯೇ ನೋಡಿ, ಇದ್ದರೆ ಆ ಗುಳಿಗೆಯನ್ನು ತೆಗೆದು ಉಳಿದವನ್ನು ಒಂದು ದಿನ ನೆರಳಲ್ಲಿ ಆರಿಸಿ ಮತ್ತೆ ಮುಚ್ಚಿ.

ಐದನೆಯ ಹಂತ: ಬೂದಿ ಮತ್ತು ಕೆಂಡ

ಇಡೀ ವಿಧಾನದಲ್ಲಿ ಹೊಸಬರು ಎಡವುವುದು ಇಲ್ಲೇ. ಬೂದಿ ಬರಿಯ ಹಾಸಲ್ಲ, ಅದೇ ಶಾಖದ ಹತೋಟಿ. ಕೆಂಡಕ್ಕೆ ಬೇಕಾದ ಗಾಳಿ ಬೂದಿಯ ಕಣಗಳ ನಡುವಿನಿಂದ ಹೋಗುತ್ತದೆ, ಹಾಗಾಗಿ ಬೂದಿಯನ್ನು ಬಿಗಿಯಾಗಿ ಒತ್ತಿದರೆ ಕೆಂಡ ಆರುತ್ತದೆ, ತೀರ ಸಡಿಲ ಬಿಟ್ಟರೆ ಉರಿ ಜೋರಾಗುತ್ತದೆ. ಧೂಪಕ್ಕೆಂದೇ ಮಾರುವ ಬಿಳಿ ಬೂದಿ ಸಿಕ್ಕರೆ ಅನುಕೂಲ. ಇಲ್ಲವಾದರೆ ಒಲೆಯ ಚೆನ್ನಾಗಿ ಬೆಂದ ಬೂದಿಯನ್ನು ವಸ್ತ್ರಗಾಳಿತ ಮಾಡಿ, ಬಾಣಲೆಯಲ್ಲಿ ಮತ್ತೊಮ್ಮೆ ಕಾಯಿಸಿ, ವಾಸನೆ ಪೂರ್ತಿ ಹೋಗಿದೆಯೆಂದು ಖಚಿತಪಡಿಸಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡಬೇಕು. ಸುವಾಸನೆ ಬೆರೆಸಿದ ವಿಭೂತಿ ಇದಕ್ಕೆ ಬಾರದು.

ಬಟ್ಟಲನ್ನು ಮುಕ್ಕಾಲು ಭಾಗ ಬೂದಿಯಿಂದ ತುಂಬಿ, ಕಡ್ಡಿಗಳಿಂದ ತಳದವರೆಗೂ ಕಲಕಿ ಸಡಿಲಗೊಳಿಸಿ. ಕಿರುಬೆರಳ ತುದಿಯ ಗಾತ್ರದ ಇದ್ದಿಲನ್ನು ಬಾಲ್ಕನಿಯಲ್ಲೋ ಅಂಗಳದಲ್ಲೋ ತಂತಿಬಲೆಯ ಮೇಲೆ ಹೊತ್ತಿಸಿ, ಕಪ್ಪು ಎಲ್ಲೂ ಉಳಿಯದೆ ಮೈಯೆಲ್ಲ ಬೂದಿಬಣ್ಣವಾಗುವವರೆಗೆ ಬಿಡಿ. ಹುಕ್ಕಾಕ್ಕೆ ಮಾರುವ, ಕಡ್ಡಿ ತಾಗಿಸಿದೊಡನೆ ಚಟಪಟನೆ ಹತ್ತಿಕೊಳ್ಳುವ ಇದ್ದಿಲಿನಲ್ಲಿ ಪೆಟ್ಲುಪ್ಪು ಇರುತ್ತದೆ, ಅದರ ವಾಸನೆ ಅಗರನ್ನು ಕೆಡಿಸುತ್ತದೆ. ಬೂದಿಯ ನಡುವೆ ಕುಳಿ ಮಾಡಿ, ಕೆಂಡವನ್ನು ಅದರಲ್ಲಿಳಿಸಿ, ಸುತ್ತಲಿನ ಬೂದಿಯನ್ನು ಎಳೆದು ಮುಚ್ಚಿ. ಬಟ್ಟಲನ್ನು ನಿಧಾನವಾಗಿ ತಿರುಗಿಸುತ್ತ, ಚಮಚದ ಬೆನ್ನಿನಿಂದ ಮೃದುವಾಗಿ ಸವರಿ, ಬೂದಿಯನ್ನು ಸಣ್ಣ ಬೆಟ್ಟದಂತೆ ಮಾಡಿ. ನೆತ್ತಿಯಿಂದ ಕೆಂಡ ತಾಗುವವರೆಗೆ ಒಂದು ಕಡ್ಡಿಯನ್ನು ಇಳಿಸಿ ತೆಗೆಯಿರಿ. ಆ ರಂಧ್ರ ಕೆಂಡಕ್ಕೆ ಉಸಿರು, ನಿಮಗೆ ಶಾಖದ ದಾರಿ.

ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ, ಅದಕ್ಕೆ ವಾಸನೆಯಿಲ್ಲ. ಕವಿ ತೆರೆ ಇಳಿಬಿಟ್ಟನೆಂದು ನೀವು ಕಿಟಕಿ ಮುಚ್ಚಬೇಡಿ. ಗಾಳಿ ನೇರವಾಗಿ ಬಟ್ಟಲ ಮೇಲೆ ಬೀಸದಂತೆ ಕೂತರೆ ಸಾಕು, ಕೋಣೆಯ ಗಾಳಿ ಬದಲಾಗುತ್ತಲೇ ಇರಬೇಕು. ಆಸ್ತಮಾ ಇರುವವರು, ಚಿಕ್ಕ ಮಕ್ಕಳು, ಸಾಕುಹಕ್ಕಿ ಇರುವ ಮನೆಯಲ್ಲಿ ಈ ಪ್ರಯೋಗ ಬೇಡ.

ಆರನೆಯ ಹಂತ: ಕಾಯಿಸಿ ಆಘ್ರಾಣಿಸುವುದು

ರಂಧ್ರದ ಮೇಲೆ ಒಂದು ಅಂಗೈ ಎತ್ತರದಲ್ಲಿ ಕೈಯಿಟ್ಟು ನೋಡಿ. ಕೈ ಹಿಂದಕ್ಕೆ ಸರಿಯುವಷ್ಟು ಬಿಸಿಯಿದ್ದರೆ ಸ್ವಲ್ಪ ಬೂದಿ ಉದುರಿಸಿ, ಬಿಸಿ ತಿಳಿಯದಿದ್ದರೆ ರಂಧ್ರವನ್ನು ಅಗಲ ಮಾಡಿ. ಹದ ಸಿಕ್ಕ ಮೇಲೆ ಕಾಗೆಬಂಗಾರದ ಬಿಲ್ಲೆಯನ್ನು ನೆತ್ತಿಯ ಮೇಲಿಟ್ಟು, ಒಂದು ನಿಮಿಷ ಕಾಯಲು ಬಿಟ್ಟು, ಗುಳಿಗೆಯನ್ನು ಅದರ ನಡುವೆ ಇಡಿ. ಸಾಂಗ್ ಕಾಲದ ಯಾನ್ ಬೊವೆನ್ ಇದೇ ಮಾತನ್ನು ಹೇಳಿದ್ದಾನೆ: ಒಳಕೋಣೆಯಲ್ಲಿ, ಗಿಡ್ಡ ಮೇಜಿನ ಮೇಲೆ, ಕೂತವರ ಮೊಣಕಾಲಿನ ಮಟ್ಟದಲ್ಲಿ ಪಾತ್ರೆಯಿರಲಿ, ಬೆಂಕಿಯ ಮೇಲೆ ಬೆಳ್ಳಿಯ ತಗಡನ್ನೋ ಕಾಗೆಬಂಗಾರವನ್ನೋ ತಟ್ಟೆಯಂತೆ ಇಟ್ಟು ಧೂಪವನ್ನು ಅದರ ಮೇಲಿಡಬೇಕು, ಧೂಪಕ್ಕೆ ಬೆಂಕಿ ತಾಗದಿದ್ದರೆ ಅದು ತಾನಾಗಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಹೊಗೆಯ ಒಣ ಕಮಟು ಇರುವುದಿಲ್ಲ. ಮೊಣಕಾಲಿನ ಎತ್ತರದ ಸೂಚನೆ ಬಹಳ ಉಪಯುಕ್ತ, ಬಿಸಿಗಾಳಿ ತಾನೇ ಮೇಲೇರಿ ಮುಖದ ಮಟ್ಟಕ್ಕೆ ಬರುತ್ತದೆ.

ಮೊದಲಿಗೆ ಏನೂ ತಿಳಿಯದು. ಎರಡು ಮೂರು ನಿಮಿಷದಲ್ಲಿ ಬೆಂದ ಹಣ್ಣಿನ ಸಿಹಿ, ಸ್ವಲ್ಪ ಹುಳಿ ಬರುತ್ತದೆ. ಗುಳಿಗೆಯ ಅಂಚು ಹೊಳೆಯತೊಡಗಿ, ರಾಳ ಒಸರಿ ಬಿಲ್ಲೆಯ ಮೇಲೆ ತೆಳುವಾದ ಎಣ್ಣೆಯ ಉಂಗುರ ಕಾಣುತ್ತದೆ. ಆಗ ಹಣ್ಣು ಹಿಂದೆ ಸರಿದು ಅಗರಿನ ತಂಪು, ಅದರ ಬೆನ್ನಿಗೆ ಗಂಧದ ಮೃದುತನ ಮುಂದೆ ಬರುತ್ತವೆ. ಮುಖವನ್ನು ಪಾತ್ರೆಗೆ ತೀರ ಹತ್ತಿರ ತರದೆ, ನಿಧಾನವಾಗಿ ಒಳಗೆಳೆದುಕೊಂಡು, ಉಸಿರು ಬಿಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ. ಪಾತ್ರೆಯ ಮೇಲೆ ಉಸಿರು ಬಿಟ್ಟರೆ ಬೂದಿ ಹಾರುತ್ತದೆ. ಗುಳಿಗೆಯ ಅಂಚಿನಿಂದ ನೀಲಿ ಹೊಗೆಯ ಎಳೆ ಎದ್ದರೆ ಬಿಲ್ಲೆಯನ್ನು ರಂಧ್ರದಿಂದ ಅರ್ಧ ಬೆರಳು ಪಕ್ಕಕ್ಕೆ ಸರಿಸಿ. ಒಂದು ಗುಳಿಗೆ ಸರಿಯಾದ ಹದದಲ್ಲಿ ಒಂದು ಗಂಟೆಗೆ ಹತ್ತಿರ ಪರಿಮಳ ಕೊಡುತ್ತದೆ, ಮತ್ತು ಮುಗಿದಾಗ ಕಪ್ಪಾಗಿರುತ್ತದೆಯೇ ಹೊರತು ಬೂದಿಯಾಗಿರುವುದಿಲ್ಲ.

ಹೊಗೆ ಬೇಕೆನಿಸಿದವರಿಗೆ: ಅಚ್ಚಿನ ಧೂಪ

ಇದಕ್ಕೆ ಗುಳಿಗೆಯಲ್ಲ, ಒಣಪುಡಿ ಬೇಕು, ಮತ್ತು ಇಲ್ಲಿ ಗಂಧವೇ ಹೆಚ್ಚಿದ್ದರೂ ತೊಂದರೆಯಿಲ್ಲ. ಬೂದಿಯನ್ನು ಮಟ್ಟಸವಾಗಿ ಒತ್ತಿ, ಅದರ ಮೇಲೆ ಒಂದೇ ಎಳೆಯಾಗಿ ಸುತ್ತಿಕೊಂಡು ಹೋಗುವ ಕೊರೆದ ಅಚ್ಚನ್ನಿಟ್ಟು, ಪುಡಿ ತುಂಬಿ, ಹೆಚ್ಚಿದ್ದನ್ನು ಸವರಿ ತೆಗೆದು, ಅಚ್ಚಿನ ಅಂಚನ್ನು ಮೆಲ್ಲನೆ ತಟ್ಟಿ ನೇರವಾಗಿ ಮೇಲೆತ್ತಬೇಕು. ಎಳೆ ಎಲ್ಲೂ ತುಂಡಾಗಬಾರದು, ತುಂಡಾದಲ್ಲಿ ಬೆಂಕಿ ನಿಲ್ಲುತ್ತದೆ. ಬೂದಿ ಒದ್ದೆಯಾಗಿದ್ದರೂ ಹಾಗೆಯೇ ಆಗುತ್ತದೆ. ಒಂದು ತುದಿಗೆ ಊದುಬತ್ತಿಯ ಕಿಡಿ ತಾಗಿಸಿದರೆ ಕೆಂಪು ಚುಕ್ಕೆ ಪುಡಿಯ ಎಳೆಯ ಮೇಲೆ ತೆವಳುತ್ತ ಸಾಗುತ್ತದೆ. ಇಂತಹ ಅಚ್ಚುಗಳನ್ನು ಕಾಲಮಾಪಕವಾಗಿಯೂ ಬಳಸುತ್ತಿದ್ದರು. ಹಗಲು ರಾತ್ರಿಯನ್ನು ನೂರು ಭಾಗ ಮಾಡಿ, ಇಡೀ ದಿನ ಉರಿಯುವಂತೆ ರಚಿಸಿದ ಅಚ್ಚನ್ನು ಹಾಂಗ್ ಚು ದಾಖಲಿಸಿದ್ದಾನೆ. ಸು ಶಿ ತಮ್ಮನ ಇನ್ನೊಂದು ಹುಟ್ಟುಹಬ್ಬಕ್ಕೆ ಗಂಧದ ಗ್ವಾನ್‌ಯಿನ್ ವಿಗ್ರಹದ ಜೊತೆಗೆ ಕೊಟ್ಟದ್ದು ಹೊಸದಾಗಿ ಕಲಸಿದ ಅಚ್ಚಿನ ಧೂಪ ಮತ್ತು ಬೆಳ್ಳಿಯ ಅಚ್ಚುತಟ್ಟೆಯನ್ನು.

ಬಟ್ಟೆಗೆ ಪರಿಮಳ ಹಿಡಿಸುವುದು

ದೇಹಕ್ಕೆ ಅತ್ತರು ಹಚ್ಚುವುದಕ್ಕಿಂತ ಬಟ್ಟೆಗೆ 'ಧೂಪ' ಹಿಡಿಸುವುದೇ ಹಳೆಯ ಚೀನಾದಲ್ಲಿ ಹೆಚ್ಚು ರೂಢಿಯಲ್ಲಿತ್ತು. ತಾಂಗ್ ಕಾಲದವರು ಉಡುಪಿನಲ್ಲೂ ಹಾಸಿಗೆಯಲ್ಲೂ ಬೆಳ್ಳಿಯ ಜಾಲರಿ ಗೋಲಗಳನ್ನು ಇಡುತ್ತಿದ್ದರು. 1970ರಲ್ಲಿ ಶಿಆನ್‌ನ ಹೆಜಿಯಾ ಗ್ರಾಮದ ನಿಧಿಯಲ್ಲಿಯೂ, 1987ರಲ್ಲಿ ಫಾಮೆನ್ ದೇವಾಲಯದ ನೆಲಮಾಳಿಗೆಯಲ್ಲಿಯೂ ಇಂಥವು ಸಿಕ್ಕಿವೆ. ಗೋಲ ಹೇಗೆ ಉರುಳಿದರೂ ಒಳಗಿನ ಕೆಂಡದ ಬಟ್ಟಲು, ಒಂದರೊಳಗೊಂದು ತಿರುಗುವ ಬಳೆಗಳ ದೆಸೆಯಿಂದ, ನೇರವಾಗಿಯೇ ನಿಲ್ಲುತ್ತದೆ. ಮನೆಯಲ್ಲಿ ಬುಟ್ಟಿಯ ವಿಧಾನವೇ ಸಾಕು. ಚೆನ್ ಹೊಂಗ್‌ಶೌ (1598–1652) ಚಿತ್ರಿಸಿದ, ಶಾಂಘೈ ವಸ್ತುಸಂಗ್ರಹಾಲಯದಲ್ಲಿರುವ ಕೃತಿಯಲ್ಲಿ ಹೆಂಗಸೊಬ್ಬಳು ಅಂತಹ ಬಿದಿರಿನ ಬುಟ್ಟಿಗೆ ಒರಗಿ ಕೂತಿದ್ದಾಳೆ, ಒಳಗೆ ಬಾತುಕೋಳಿಯ ಆಕಾರದ ಧೂಪಪಾತ್ರೆಯಿದೆ.

ಹಾಂಗ್ ಚು ವಿವರಿಸಿದ ಕ್ರಮದ ಗುಟ್ಟು ಬಿಸಿನೀರಿನಲ್ಲಿದೆ. ಕವುಚಿಟ್ಟ ಬಿದಿರಿನ ಬುಟ್ಟಿಯ ಕೆಳಗೆ ದೊಡ್ಡ ಬಟ್ಟಲಿನಲ್ಲಿ ಕುದಿನೀರಿಟ್ಟು, ಬುಟ್ಟಿಯ ಮೇಲೆ ಬಟ್ಟೆ ಹರಡಿ, ಅದು ಹಬೆಯಿಂದ ಮೆದುವಾಗುವವರೆಗೆ ಬಿಡಬೇಕು. ಒಣಬಟ್ಟೆಗೆ ಹಿಡಿದ ಪರಿಮಳ ಬೇಗ ಹಾರಿಹೋಗುತ್ತದೆ, ಪಸೆಯಿರುವ ನೂಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಧೂಪದ ಬಟ್ಟಲನ್ನು ಬಿಸಿನೀರಿನ ಬಟ್ಟಲ ನಡುವೆ ನಿಲ್ಲಿಸಿ ಗುಳಿಗೆಯಿಡಿ. ನೀರು ಸುತ್ತಲೂ ಇರುವುದರಿಂದ ಕಿಡಿ ಹಾರುವ ಭಯವೂ ಕಡಿಮೆ, ಆದರೂ ಪಕ್ಕದಿಂದ ಏಳಬಾರದು. ಹತ್ತಿ ಮತ್ತು ರೇಷ್ಮೆಗೆ ಈ ವಿಧಾನ ಒಗ್ಗುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್‌ಗೆ ಬೇಡ. ಜರಿಯ ಅಂಚು ಬುಟ್ಟಿಯ ಹೊರಗೆ ಇಳಿಬಿದ್ದಿರಲಿ. ಅರ್ಧ ಗಂಟೆಯ ಮೇಲೆ ಬಟ್ಟೆಯನ್ನು ತೆಗೆದು, ಕೊಡವದೆ ಮಡಚಿ, ಪೆಟ್ಟಿಗೆಯಲ್ಲಿಟ್ಟು ರಾತ್ರಿ ಕಳೆದ ಮೇಲೆ ಉಡಬೇಕು. ಬಟ್ಟಲಿನ ಬೂದಿಯೊಳಗಿನ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ, ಆದ್ದರಿಂದ ಮಲಗುವ ಮೊದಲು ಅದನ್ನು ಕಡ್ಡಿಯಿಂದ ಹೊರತೆಗೆದು ನೀರಿಗೆ ಹಾಕಿರಿ, ಬೂದಿಯನ್ನು ಮಾರನೆಯ ದಿನ ಜರಡಿ ಹಿಡಿದು ಮತ್ತೆ ಅದೇ ಬಟ್ಟಲಿಗೆ ತುಂಬಿರಿ.